ಹಿಂದಿನ ಸಾಲಿನ ಪೆಟ್ಟಿಗೆಗಳು

ಬೆಳಗಿನ ಐದೂವರೆ. ಬಟ್ಟೆ ಗೋದಾಮಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಏಣಿಯ ಮೇಲೆ ನಿಂತ ನಲವತ್ತೊಂದರ ಹೆಂಗಸು ರಟ್ಟಿನ ಪೆಟ್ಟಿಗೆಗಳನ್ನು ಎಣಿಸುತ್ತಿದ್ದಾರೆ. ಮುಂದಿನ ಸಾಲು ಎಣಿಸಿ ಗುಣಿಸಿದರೆ ಮುಗಿಯಿತಲ್ಲ ಎಂಬುದು ನನ್ನ ಸೋಮಾರಿ ಬುದ್ಧಿ. ಅವರು ಹಾಗೆ ಬಿಡುವವರಲ್ಲ. ಮುಂದಿನದನ್ನು ಸರಿಸಿ ಹಿಂದಿನ ಸಾಲಿನ ಪೆಟ್ಟಿಗೆಯನ್ನು ಎತ್ತಿ ನೋಡುತ್ತಾರೆ. ಭಾರವಿದ್ದರೆ ಮಾತ್ರ ಪಟ್ಟಿಯಲ್ಲಿ ಪೆನ್ಸಿಲ್ ಗುರುತು. ಎಂಟಕ್ಕೆ ಲಾರಿಗಳು ಬರುವುದರೊಳಗೆ ನಾನೂರು ಪೆಟ್ಟಿಗೆ ಆಗಬೇಕು.

ಆಡಿಟರ್ ಒಬ್ಬರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಸಹಾಯಕಿಯಾಗಿರುವ ಇವರನ್ನು ಅಲ್ಲಿ ಎಲ್ಲರೂ ಕರೆಯುವುದು ‘ಎಣಿಕೆ ಅಕ್ಕ’ ಎಂದೇ. ಲೆಕ್ಕದ ಪುಸ್ತಕದಲ್ಲಿರುವ ಸರಕು ಗೋದಾಮಿನಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವುದು ಅವರ ಕೆಲಸ. ತರಬೇತಿಗೆ ಬರುವ ಹುಡುಗಿಯರಿಗೆ ಕೆಲಸ ಕಲಿಸುವುದೂ ಅಕ್ಕನೇ. ಆ ಹುಡುಗಿಯರು ಪರೀಕ್ಷೆ ಪಾಸಾಗಿ ಆಡಿಟರ್ ಆಗುತ್ತಾರೆ, ಆಮೇಲೆ ಅಕ್ಕನಿಗೇ ಕೆಲಸ ಹೇಳುತ್ತಾರೆ. ನನಗಾಗಿದ್ದರೆ ಹೊಟ್ಟೆ ಉರಿಯುತ್ತಿತ್ತು. ಅಕ್ಕ ನಕ್ಕು ಮುಂದಿನ ಪೆಟ್ಟಿಗೆಗೆ ಕೈ ಹಾಕುತ್ತಾರೆ.

ಅದೇ ಪರೀಕ್ಷೆಯನ್ನು ಅಕ್ಕ ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಮ್ಮೆ ಬರೆದು ಆರು ಅಂಕ ಕಡಿಮೆಯಾಗಿ ಫೇಲಾಗಿದ್ದರು. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು, ಮನೆಗೆ ಸಂಬಳ ಬೇಕಾಯಿತು, ಪುಸ್ತಕಗಳು ಮೂಲೆ ಸೇರಿದವು. ಈಗ ಮತ್ತೆ ಅರ್ಜಿ ತಂದಿಟ್ಟುಕೊಂಡಿದ್ದಾರೆ. ಶನಿವಾರ ಕಡೆಯ ದಿನ.

ಪರೀಕ್ಷೆಯ ಜೊತೆಗೆ ಮೂರು ವರ್ಷ ತರಬೇತಿಯೂ ಇದೆ. ಆಗ ಕೈಗೆ ಬರುವುದು ಈಗಿನ ಸಂಬಳದ ಮೂರನೇ ಒಂದು ಪಾಲು. ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ಶಾಲಾ ವ್ಯಾನ್ ಓಡಿಸುವ ಗಂಡ ಬೇಡ ಎಂದಿಲ್ಲ, ಹೂಂ ಎಂದೂ ಇಲ್ಲ; ವ್ಯಾನಿನ ಟೈರು ಇನ್ನೊಂದು ವರ್ಷ ತಾಳುತ್ತದೆ ಎಂದಷ್ಟೇ ಹೇಳಿದ್ದಾರೆ. ಮಗಳದು ಒಂದೇ ಪ್ರಶ್ನೆ: “ನೀನು ಫೇಲಾದ್ರೆ ನಾನು ಬೈಬಹುದಾ ಅಮ್ಮಾ?” ಈ ವಯಸ್ಸಿನಲ್ಲಿ ಯಾಕೆ ಇಲ್ಲದ ಉಸಾಬರಿ ಎಂದು ಕೇಳಿದವರು ಆಡಿಟರ್ ಸಾಹೇಬರು.

ಕಾರಣ ಎರಡು ವರ್ಷದ ಹಿಂದಿನದು. ಒಂದು ಹೊಲಿಗೆ ಕಾರ್ಖಾನೆಯಲ್ಲಿ ಅಕ್ಕ ಎತ್ತಿ ನೋಡಿದ ಹಿಂದಿನ ಸಾಲಿನ ಪೆಟ್ಟಿಗೆಗಳೆಲ್ಲ ಹಗುರವಾಗಿ ಬಂದವು. ಒಳಗೆ ಬಟ್ಟೆಯೇ ಇರಲಿಲ್ಲ. ಕೇಳಿದ್ದಕ್ಕೆ ಮಾಲೀಕ ಮುಖಕ್ಕೆ ಹೊಡೆದ ಹಾಗೆ ಅಂದ: “ನೀವ್ಯಾರ್ರೀ ಕೇಳೋಕೆ? ಸಹಿ ಮಾಡೋರನ್ನ ಕರೀರಿ.” ಆಗ ಕಚೇರಿಯಲ್ಲಿದ್ದ ಇನ್ನೊಬ್ಬ ಆಡಿಟರ್, ಈಗವರು ಬಿಟ್ಟು ಹೋಗಿದ್ದಾರೆ, ಅಕ್ಕ ಬರೆದುಕೊಟ್ಟ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ಸಹಿ ಹಾಕಿದರು. ಎಲ್ಲ ಸರಿಯಿದೆ ಎಂದು ಮಾಲೀಕ ತೋರಿಸಿದ ಆ ಕಾಗದವನ್ನು ನಂಬಿ ಅರವತ್ತು ಮಂದಿ ಹೊಲಿಗೆಯವರು ಸಂಬಳ ಬಾಕಿಯಿದ್ದರೂ ದುಡಿದರು. ಎಂಟು ತಿಂಗಳಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಅವರ ಮೂರು ತಿಂಗಳ ದುಡಿಮೆ ನೀರುಪಾಲಾಯಿತು.

“ಅವರಲ್ಲಿ ಒಬ್ಬಳು ನಮ್ಮ ಬೀದೀಲೇ ಇದಾಳೆ. ನಂಗೆ ಮೊದಲೇ ಗೊತ್ತಿತ್ತು ಅಂತ ಅವಳಿಗೆ ಇವತ್ತಿನವರೆಗೂ ಹೇಳೋಕಾಗಿಲ್ಲ,” ಎನ್ನುತ್ತಾರೆ ಅಕ್ಕ. ಇದನ್ನು ಪತ್ರಿಕೆಗೆ ಬರೆಯಲೇ, ಬೇಡವೇ ಎಂದು ನಾನು ತಡವರಿಸುತ್ತೇನೆ. “ಬರೀರಿ. ಅವಳೂ ಓದ್ಲಿ.” ನಾನು ಬರೆದುಕೊಳ್ಳುತ್ತೇನೆ.

ಏಳೂಮುಕ್ಕಾಲಿಗೆ ಕಡೆಯ ಸಾಲು ಮುಗಿಯುತ್ತದೆ. ಅಕ್ಕ ಏಣಿಯಿಂದ ಇಳಿದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಏನು ನಿರ್ಧಾರ ಮಾಡಿದಿರಿ ಎಂದರೆ, ಅರ್ಜಿ ತುಂಬಿಯಾಗಿದೆ, ಮಧ್ಯಾಹ್ನ ಶುಲ್ಕ ಕಟ್ಟುವುದಷ್ಟೇ ಬಾಕಿ ಎನ್ನುತ್ತಾರೆ.

“ಪಾಸಾಗ್ತೀನೋ ಇಲ್ವೋ ಗೊತ್ತಿಲ್ಲ. ಸಹಿ ಹಾಕಬೇಕು ಅನ್ನೋ ಆಸೆ ನಂಗೇನೂ ಇಲ್ಲ. ಹಾಕಲ್ಲ ಅಂದಾಗ ನನ್ನ ಮಾತು ನಡೀಬೇಕು, ಅಷ್ಟೇ.”