ಮರೂಸ್ಕಾ ಕೊಂಡ ಹಳೇ ಬ್ಯಾಗು

ಮರೂಸ್ಕಾಳ ಮನೆಗೆ ಯಾರೇ ಹೋಗಲಿ, ಅವಳು ಮೊದಲು ಅವರ ಮುಖ ನೋಡುವುದಿಲ್ಲ, ಬ್ಯಾಗು ನೋಡುತ್ತಾಳೆ. ತೋಳಿನಿಂದ ಬಿಡಿಸಿಕೊಂಡು, ತಲೆಕೆಳಗು ಮಾಡಿ, ಹಿಡಿಯ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, 'ಹೂಂ' ಅಂತ ವಾಪಸು ಕೊಟ್ಟ ಮೇಲೆಯೇ 'ಬಾ, ಕೂತ್ಕೋ, ಕಾಫಿ ಇಡ್ತೀನಿ' ಎನ್ನುವುದು. ಹೊರಗಿನಿಂದ ಬಂದವರಿಗೆ ಇದು ಮರ್ಯಾದೆಗೆಟ್ಟ ನಡವಳಿಕೆ ಅನಿಸಬಹುದು. ಬ್ಯಾಗು ಮಾಡುವುದೇ ಕಸುಬಾದ ನಮ್ಮೂರು ಸ್ಕಾಂದಿಚ್ಚಿಯಲ್ಲಿ ಯಾರಿಗೂ ಅನಿಸುವುದಿಲ್ಲ. ಬಸ್ಸಿನಲ್ಲಿ, ಚರ್ಚಿನಲ್ಲಿ, ಕಡೆಗೆ ಸಾವಿನ ಮನೆಯಲ್ಲೂ ನಾವು ಹೆಂಗಸರು ಮಾಡುವುದು ಇದನ್ನೇ. ನನ್ನ ಅತ್ತೆಯ ಮಣ್ಣಿನ ದಿನ ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರೆ, ನಾನು ಮುಂದಿನ ಸಾಲಿನವಳ ಬ್ಯಾಗಿನ ಮೂಲೆ ಸರಿಯಾಗಿ ಮಡಿಸಿಲ್ಲವಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ಮರೂಸ್ಕಾ ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಅಂಚಿನ ಕೆಲಸ ಮಾಡಿದವಳು. ತೊಗಲು ಕತ್ತರಿಸಿದ ಕಡೆ ಒಳಗಿನ ಹಸಿ ಭಾಗ ಕಾಣುತ್ತದಲ್ಲ, ಅದಕ್ಕೆ ಬಣ್ಣ ಹಚ್ಚುವುದು. ಒಂದು ಪದರ ಹಚ್ಚಿ, ಒಣಗಿಸಿ, ಉಪ್ಪು ಕಾಗದದಿಂದ ಉಜ್ಜಿ, ಮತ್ತೆ ಹಚ್ಚಬೇಕು. ಹೀಗೆ ನಾಲ್ಕು ಸಲ. ಕೇಳಿದರೆ ಮಕ್ಕಳಾಟ, ಮಾಡಿದರೆ ಗೊತ್ತಾಗುತ್ತದೆ. ಅವಳು ಮಾಡಿದ ಅಂಚು ಹೊಳೆಯಲ್ಲಿ ಉರುಳಿ ಬಂದ ಕಲ್ಲಿನಂತೆ ನುಣ್ಣಗಿರುತ್ತಿತ್ತು. ಕಾರ್ಖಾನೆ ಯಾವ ದುಬಾರಿ ಕಂಪನಿಗೆ ಬ್ಯಾಗು ಮಾಡಿಕೊಡುತ್ತಿತ್ತೋ ಅದರ ಹೆಸರು ನಾವು ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ದೊಡ್ಡವರು' ಎನ್ನುತ್ತಿದ್ದೆವು. ದೊಡ್ಡವರ ಸಾವಿರಾರು ಬ್ಯಾಗುಗಳು ಅವಳ ಕೈಯಿಂದ ದಾಟಿಹೋದವು, ಒಂದೂ ಅವಳ ತೋಳೇರಲಿಲ್ಲ.

ನಾನು ಲೊರಿಯಾನಾ. ಅವಳಿಂದ ಎರಡು ಮೇಜು ಆಚೆ ಕೂತು ಹಿಡಿಗಳನ್ನು ಕೈಯಲ್ಲಿ ಹೊಲಿಯುತ್ತಿದ್ದವಳು. ನಾನು ಎಡಚಿ. ಹಾಗಾಗಿ ಎಲ್ಲರ ಹೊಲಿಗೆ ಒಂದು ಕಡೆ ವಾಲಿದರೆ ನನ್ನದು ಇನ್ನೊಂದು ಕಡೆ ವಾಲುತ್ತದೆ. ಮೇಲ್ವಿಚಾರಕ ಮೊದಮೊದಲು ಗೊಣಗಿದ, ಆಮೇಲೆ ನನ್ನಷ್ಟು ಗಟ್ಟಿಯಾಗಿ ಇನ್ನೊಬ್ಬರು ಎಳೆಯಲಾರರೆಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡ.

ನಿವೃತ್ತಿಯಾಗಿ ಐದು ವರ್ಷವಾದ ಮೇಲೆ ಮರೂಸ್ಕಾಳಿಗೆ ಒಂದು ಹುಚ್ಚು ಹಿಡಿಯಿತು. ತೊಂಬತ್ತೇಳರಲ್ಲಿ ನಾವು ಮಾಡಿದ ಕಂದು ಬಣ್ಣದ, ಅರ್ಧಚಂದ್ರದ ಆಕಾರದ ಬ್ಯಾಗು ಬೇಕು, ಹಳೆಯದಾದರೂ ಸರಿ. ಹೊಸದನ್ನು ಕೊಳ್ಳುವ ಶಕ್ತಿ ನಮಗೆಲ್ಲಿ? ಅವಳ ಅಣ್ಣನ ಮಗಳು ಜಿನೇವ್ರಾ ಫೋನಿನಲ್ಲಿ ಹಳೇ ಬ್ಯಾಗು ಮಾರುವ ತಾಣವೊಂದನ್ನು ತೋರಿಸಿಕೊಟ್ಟಳು. ಅಲ್ಲಿಂದ ಮೂರು ತಿಂಗಳು ಈ ಹೆಂಗಸು ಊಟ ಮಾಡುತ್ತಾ, ಬಟ್ಟೆ ಒಣಗಿಸುತ್ತಾ, ದಂತವೈದ್ಯರ ಹತ್ತಿರ ಬಾಯಿ ತೆರೆದುಕೊಂಡು ಕೂತಾಗಲೂ ಫೋನು ನೋಡಿದಳು. ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ, 'ನಕಲಿ. ಇದೂ ನಕಲಿ. ಥೂ, ಇದರ ಅಸ್ತರು ನೋಡು, ಪರದೆ ಬಟ್ಟೆ' ಎಂದು ಹದಿನಾರು ಬ್ಯಾಗುಗಳನ್ನು ತಳ್ಳಿಹಾಕಿದಳು. ಹದಿನೇಳನೆಯದು ಲಿಥುವೇನಿಯಾದ ಯಾರದೋ. ಬೆಲೆ ಒಂಬೈನೂರು ಯೂರೋ. ತಾಣದ ಪರಿಣತರು ಪರೀಕ್ಷಿಸಿ ಅಸಲಿ ಎಂದು ಬರೆದುಕೊಟ್ಟ ಕಾಗದ ಜೊತೆಗಿತ್ತು.

'ಆ ಕಾಗದಾನೇ ನಕಲಿ ಇದ್ರೆ ಅತ್ತೆ?' ಎಂದಳು ಜಿನೇವ್ರಾ. ಅವಳು ಎರಡು ಸಲ ಮೋಸಹೋದವಳು.

'ಹತ್ತು ದಿನ ಇದ್ಯಲ್ಲ ವಾಪಸ್ ಕಳ್ಸೋಕೆ. ಬ್ಯಾಗು ಕೈಗೆ ಬರ್ಲಿ, ನನ್ ಹೆಬ್ಬೆಟ್ಟು ಹೇಳತ್ತೆ ಬಿಡು.'

ಬ್ಯಾಗು ಬಂದ ದಿನ ನನ್ನನ್ನು ಕರೆದಳು. ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಕೈ ತೊಳೆದು ಒರೆಸಿಕೊಂಡು, ಕೂಸನ್ನು ಎತ್ತಿದ ಹಾಗೆ ಬ್ಯಾಗನ್ನು ಎತ್ತಿದಳು. ತಿರುಗಿಸಿ ಹಿಡಿಯ ಬುಡ ನೋಡಿದ್ದೇ ಕಿರುಚಿದಳು.

'ಅಯ್ಯೋ ಲೊರಿಯಾನಾ! ನಿನ್ ಹೊಲಿಗೆ ಕಣೇ! ಎಡಚಿ ಹೊಲಿಗೆ! ನೋಡೇ ಇಲ್ಲಿ!'

ನನ್ನ ಕೊರಳಿಗೆ ಜೋತುಬಿದ್ದು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನಾನು ಬ್ಯಾಗು ತೆಗೆದುಕೊಂಡು ಹಿಡಿಯನ್ನು ಅಮುಕಿದೆ. ಗಟ್ಟಿಯಾಗಿತ್ತು. ಕಾರ್ಖಾನೆಯಲ್ಲಿ ಹಿಡಿಯೊಳಗೆ ತುಂಬುತ್ತಿದ್ದದ್ದು ಮೆತ್ತಗಿನ ಹತ್ತಿಯ ಹುರಿ. ಇದರೊಳಗಿದ್ದದ್ದು ಬಟ್ಟೆ ಒಣಹಾಕುವ ಹಗ್ಗ. ನನಗೆ ಗೊತ್ತು, ಯಾಕೆಂದರೆ ಆ ಹಗ್ಗವನ್ನು ಸಂತೆಯಲ್ಲಿ ಕೊಂಡು ತುಂಡು ಮಾಡಿ ತುಂಬಿದವಳು ನಾನೇ. ಹೊಲಿಗೆ ನನ್ನದೇ, ಸುಳ್ಳಲ್ಲ. ಆದರೆ ಹೊಲಿದದ್ದು ಕಾರ್ಖಾನೆಯಲ್ಲಲ್ಲ, ನನ್ನ ಮಲಗುವ ಕೋಣೆಯಲ್ಲಿ. ಬ್ಯಾಗು ಅಪ್ಪಟ ನಕಲಿ.

ತೊಂಬತ್ತೇಳರಲ್ಲಿ ಒತೆಲ್ಲೊ ಅಂತ ಒಬ್ಬನಿದ್ದ. ಶನಿವಾರ ಮಧ್ಯಾಹ್ನ ಕಾರಿನಲ್ಲಿ ಕತ್ತರಿಸಿದ ತೊಗಲು ತಂದು ಇಳಿಸುವನು, ಮುಂದಿನ ಶನಿವಾರ ಬ್ಯಾಗು ಒಯ್ಯುವನು. ನಮ್ಮ ಬೀದಿಯಲ್ಲಿ ನಾನೊಬ್ಬಳೇ ಅಲ್ಲ, ಹಾಗಂತ ಬೇರೆಯವರ ಹೆಸರು ಹೇಳುವವಳೂ ಅಲ್ಲ. ಆರು ತಿಂಗಳು ಮಾಡಿದೆ. ಮನೆಗೆ ಹೊಸ ಬಚ್ಚಲು ಕಟ್ಟಿಸಿದೆ, ಬಿಟ್ಟೆ. ಹೊಟ್ಟೆಗಿಲ್ಲದೆ ಮಾಡಿದೆ ಎಂದು ಈಗ ಕಥೆ ಕಟ್ಟುವುದಿಲ್ಲ. ಬಿಳಿ ಹೆಂಚಿನ ಬಚ್ಚಲು ಬೇಕಿತ್ತು, ಮಾಡಿದೆ.

ಆ ದಿನವೇ ಹೇಳಿಬಿಡಬೇಕಿತ್ತು. ಅವಳ ಮುಖ ನೋಡಿ ನಾಲಿಗೆ ಏಳಲಿಲ್ಲ. ಹತ್ತು ದಿನ ಇದೆಯಲ್ಲ, ನಾಳೆ ಹೇಳಿದರಾಯಿತು ಅಂದುಕೊಂಡೆ. ಹೇಡಿಗಳ ಪಂಚಾಂಗದಲ್ಲಿ ಇರುವುದು ನಾಳೆ ಒಂದೇ.

ನಾಲ್ಕನೆಯ ದಿನ ಅವಳ ಫೋನು ಬಂತು. ದನಿ ಕುಗ್ಗಿತ್ತು.

'ಅಂಚು ನೋಡಿದ್ಯೇನೇ?'

'ಇಲ್ಲ ಕಣೆ. ಯಾಕೆ?'

'ಗಂಟುಗಂಟಾಗಿದೆ. ಎರಡು ಕಡೆ ಬಿರುಕು ಬಿಟ್ಟಿದೆ. ಒಳಗಡೆ ಉಜ್ಜೇ ಇಲ್ಲ.'

'ಹಳೇದಲ್ವಾ, ಬಿಸಿಲಿಗಿಟ್ಟಿರ್ಬೇಕು.'

'ಬಿಸಿಲಿಗೆ ಬಿರುಕು ಬಿಡತ್ತೆ, ಗಂಟು ಬರಲ್ಲ. ಆ ಬ್ಯಾಗಿನ ಅಂಚೆಲ್ಲ ನನ್ ಮೇಜಿಗೇ ಬರ್ತಿತ್ತು ಲೊರಿಯಾನಾ, ಇನ್ನೊಬ್ರು ಮುಟ್ತಿರ್ಲಿಲ್ಲ. ಹೊಲಿಗೆ ನಿಂದು ಅಂದ್ರೆ ಅಂಚು ನಂದೇ.' ಆಮೇಲೆ, 'ಆ ವರ್ಷ ಅಮ್ಮ ಆಸ್ಪತ್ರೇಲಿದ್ಲು. ಕೆಲಸದಲ್ಲಿ ಗಮನ ಇರ್ಲಿಲ್ವೇನೋ' ಎಂದಳು.

ಬ್ಯಾಗು ನಕಲಿಯಿರಬಹುದೆಂಬ ಅನುಮಾನ ಈ ಪುಣ್ಯಾತ್ಗಿತ್ತಿಗೆ ಕನಸಿನಲ್ಲೂ ಬಂದಿರಲಿಲ್ಲ. ನನ್ನ ಹೊಲಿಗೆಯ ಮೇಲೆ ಅಷ್ಟು ನಂಬಿಕೆ. ಅನುಮಾನ ಬಂದದ್ದು ತನ್ನ ಕೈಯ ಮೇಲೆ.

ಅದು ಅಷ್ಟಕ್ಕೇ ನಿಲ್ಲಲಿಲ್ಲ. ಸೆಪ್ಟೆಂಬರಿನಿಂದ ತೊಗಲಿನ ಕೆಲಸ ಕಲಿಸುವ ಶಾಲೆಗೆ ವಾರಕ್ಕೆರಡು ದಿನ ಬಂದು ಅಂಚಿನ ಕೆಲಸ ಹೇಳಿಕೊಡಿ ಎಂದು ಅವಳನ್ನು ಕೇಳಿದ್ದರು. ಐದನೇ ತರಗತಿಗೆ ಓದು ಬಿಟ್ಟವಳನ್ನು 'ಟೀಚರ್' ಎನ್ನುತ್ತಾರಂತೆ. ವಸಂತದಿಂದ ನಮ್ಮ ಕಿವಿ ತೂತಾಗುವಷ್ಟು ಅದನ್ನೇ ಹೇಳಿದ್ದಳು. ಒಂಬತ್ತನೆಯ ದಿನ ನಾನು ಹೋದಾಗ ಜಿನೇವ್ರಾ ಅಲ್ಲೇ ಇದ್ದಳು, ಬ್ಯಾಗು ಮೇಜಿನ ಮೇಲಿತ್ತು, ಮರೂಸ್ಕಾ ಶಾಲೆಗೆ ಬರುವುದಿಲ್ಲವೆಂದು ತಿಳಿಸಲು ಚೀಟಿ ಬರೆಯುತ್ತಿದ್ದಳು.

'ಏನ್ ಕಲಿಸ್ಲಿ ಆ ಹುಡುಗೀರಿಗೆ?' ಎಂದಳು. 'ಇಂಥಾ ಅಂಚು ಮಾಡಿ ಮೂವತ್ತೊಂದು ವರ್ಷ ಸಂಬಳ ತಗೊಂಡೆ ಅಂತಲಾ? ಇದೊಂದು ಕಣ್ಣಿಗೆ ಬಿತ್ತು. ಇಂಥವು ಇನ್ನೆಷ್ಟು ಹೋಗಿವ್ಯೋ.'

'ಅತ್ತೆ, ನಂಗೆ ಇದು ನಕಲಿ ಅನ್ಸತ್ತೆ. ನಾಳೆ ಕೊನೇ ದಿನ. ವಾಪಸ್ ಕಳಿಸ್ಬಿಡು,' ಎಂದಳು ಜಿನೇವ್ರಾ.

'ನಿಂಗೇನ್ ಗೊತ್ತೇ? ಹೊಲಿಗೆ ಇವಳದು. ನಕಲಿ ಹೆಂಗಾಗತ್ತೆ?' ಎಂದು ನನ್ನ ಕಡೆ ತಿರುಗಿದಳು. 'ಹೇಳೇ ಅವಳಿಗೆ. ನಿಂದೇ ತಾನೆ?'

'ನಂದೇ' ಎಂದೆ.

ಜೀವಮಾನದಲ್ಲಿ ಇಷ್ಟು ಕೊಳಕಾದ ನಿಜವನ್ನು ನಾನು ಇನ್ನೊಮ್ಮೆ ಹೇಳಿಲ್ಲ. ಮನೆಗೆ ಬಂದು ಸೂಪು ಬಿಸಿ ಮಾಡಿದೆ, ಕುಡಿಯಲಾಗಲಿಲ್ಲ, ಚೆಲ್ಲಿದೆ.

ಮರುದಿನ ಬೆಳಿಗ್ಗೆ ಅಂಗಡಿಗಳು ತೆಗೆಯುವ ಹೊತ್ತಿಗೆ ಅವಳ ಬಾಗಿಲು ತಟ್ಟಿದೆ. ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಬೇರೆ ಮಾತು ಬರುತ್ತದೆ.

'ಮರೂಸ್ಕಾ, ಬ್ಯಾಗು ನಕಲಿ. ನಾನೇ ಮಾಡಿದ್ದು. ಒತೆಲ್ಲೊಗೆ. ನಮ್ಮನೇಲಿ.'

ಅವಳು ಒಲೆಯ ಮುಂದೆ ನಿಂತಿದ್ದಳು. ಒಲೆ ಆರಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

'ಅಂಚು?' ಎಂದಳು.

'ಅದೂ ನಾನೇ.'

ಬ್ಯಾಗನ್ನು ಕಿಟಕಿಯ ಬೆಳಕಿಗೆ ಒಯ್ದು ಹೆಬ್ಬೆರಳಿನಿಂದ ಅಂಚನ್ನು ಉದ್ದಕ್ಕೂ ಸವರಿದಳು. 'ಎಷ್ಟ್ ಪದರ ಹಚ್ಚಿದ್ದೆ?'

'ಎರಡು.'

'ಉಜ್ಜಿದ್ದೆ?'

'ಇಲ್ಲ.'

'ಉಜ್ಜಿಲ್ಲ.' ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದಳು. 'ಉಜ್ಜಿಲ್ವಂತೆ! ಆರ್ ದಿನ ಕಣೇ! ಆರ್ ದಿನ ನನ್ ಕೈನ ನಾನೇ ಬೈಕೊಂಡೆ. ಸತ್ತಿರೋ ಅಮ್ಮನ ಮೇಲೆ ತಪ್ಪು ಹೊರಿಸ್ದೆ. ನೀನು ಇಲ್ಲೇ, ಈ ಕುರ್ಚೀಲಿ ಕೂತು, ನಂದೇ ಅಂದೆ!'

ಮೇಜಿನ ಮೇಲಿದ್ದ ಒದ್ದೆ ಬಟ್ಟೆ ನನ್ನ ಮುಖಕ್ಕೆ ಬಂದು ಬಡಿಯಿತು. ನ್ಯಾಯವಾಗಿಯೇ ಬಡಿಯಿತು.

'ದುಡ್ಡು ನಾನ್ ಕೊಡ್ತೀನಿ' ಎಂದೆ.

'ನಿನ್ ದುಡ್ಡಿಗೆ ಬೆಂಕಿ ಹಾಕ. ಆಚೆ ಹೋಗು.'

'ಇವತ್ತೇ ವಾಪಸ್ ಕಳಿಸ್ಬಹುದಲ್ಲ...'

'ಕಳಿಸಿದ್ರೆ ಅವ್ರು ಇನ್ನೊಬ್ಬಳಿಗೆ ಮಾರ್ತಾರೆ. ಅವಳೂ ನನ್ ಥರ ಮುಂಡಾಮೋಚ್ಕೊಳ್ಳಲಿ ಅಂತೀಯಾ? ಹೋಗು ಅಂದ್ನಲ್ಲ!'

ಹೋದೆ. ಮೆಟ್ಟಿಲಿಳಿಯುವಾಗ ಒಳಗೆ ಅವಳು ಅಳುವುದು ಕೇಳಿಸಿತು. ನಿಂತೆ, ಮೇಲೆ ಹೋಗುವ ಧೈರ್ಯ ಬರಲಿಲ್ಲ.

ಚೀಟಿಯನ್ನು ಅಂದೇ ಹರಿದುಹಾಕಿದಳಂತೆ. ಬ್ಯಾಗನ್ನು ಕಳಿಸಲಿಲ್ಲ. ಸೆಪ್ಟೆಂಬರಿನ ಮೊದಲ ಮಂಗಳವಾರ ಅವಳನ್ನು ಶಾಲೆಗೆ ಬಿಟ್ಟು ಬರಲು ಹೋದವಳು ಜಿನೇವ್ರಾ. ಟೀಚರ್ ಅತ್ತೆಯನ್ನು ನೋಡುವ ಆಸೆಯಿಂದ ಸ್ವಲ್ಪ ಹೊತ್ತು ಹಿಂದೆ ನಿಂತಿದ್ದಳಂತೆ. ಆಮೇಲಿನದ್ದನ್ನು ನನಗೆ ಹೇಳಿದವಳು ಅವಳೇ.

ಹನ್ನೊಂದು ಹುಡುಗಿಯರು ಮೇಜಿನ ಸುತ್ತ ನಿಂತಿದ್ದರು. ಮರೂಸ್ಕಾ ಆ ಬ್ಯಾಗನ್ನು ನಡುವೆ ಇಟ್ಟಳು. ಒಬ್ಬೊಬ್ಬರಿಂದಲೂ ಕಣ್ಣು ಮುಚ್ಚಿಸಿ ಹಿಡಿಯ ಹೊಲಿಗೆ ಮುಟ್ಟಿಸಿದಳು.

'ಹೊಲಿಗೆ ಅಂದ್ರೆ ಹಿಂಗಿರ್ಬೇಕು. ಇಪ್ಪತ್ತೇಳು ವರ್ಷ ಆಗಿದೆ, ಒಂದು ಎಳೆ ಸಡಿಲ ಆಗಿಲ್ಲ. ಈಗ ಅಂಚು ಮುಟ್ಟಿ. ಹಿಂಗ್ ಮಾಡೋದಾದ್ರೆ ಈಗ್ಲೇ ಮನೆಗೆ ಹೋಗಿ.'

'ಯಾರು ಮಾಡಿದ್ದು ಟೀಚರ್?' ಎಂದು ಒಬ್ಬಳು ಕೇಳಿದಳಂತೆ.

'ಹೊಲಿಗೆ ನನ್ ಗೆಳತೀದು. ಸ್ಕಾಂದಿಚ್ಚೀಲೇ ಅವಳಂಥಾ ಕೈ ಇನ್ನೊಂದಿಲ್ಲ.'

'ಅಂಚು?'

'ಅಂಚು ಒಬ್ಬ ಕಳ್ಳೀದು. ಅವಳ ಸುದ್ದಿ ಬೇಡ.'

ಇದನ್ನು ಹೇಳುವಾಗ ಜಿನೇವ್ರಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನಕ್ಕೆ, ಆಮೇಲೆ ನಗು ಕೆಟ್ಟುಹೋಯಿತು. ಈಗ ಫೆಬ್ರವರಿ. ಮರೂಸ್ಕಾ ಸಂತೆಯಲ್ಲಿ ಎದುರಾಗುತ್ತಾಳೆ, ನನ್ನ ಬ್ಯಾಗನ್ನು ಒಂದು ಸಲ ನೋಡುತ್ತಾಳೆ, ಮುಂದೆ ಹೋಗುತ್ತಾಳೆ. ಮುಖ ನೋಡುವುದಿಲ್ಲ.