ಅರ್ಧ ಬಾಡಿಗೆಯ ಅರ್ಜಿ

ಲಾಕ್‌ಡೌನಿನ ಎರಡನೆಯ ವರ್ಷ ಪಕ್ಕದ ಮನೆಯ ಅಕ್ಕನಿಗೆ ಬರೆದುಕೊಟ್ಟ ಅರ್ಜಿಯನ್ನು ಪೂರ್ತಿ ಓದಿ ಹೇಳಿದ್ದೆನೋ ಇಲ್ಲವೋ, ಈಗ ಖಚಿತವಿಲ್ಲ. ದಿನಚರಿಯಲ್ಲಿ ‘ಅರ್ಜಿ ಬರೆದೆ, ಓದಿ ಹೇಳಿದೆ’ ಎಂದಷ್ಟೇ ಇದೆ. ಆದರೆ ನನಗೆ ಅನುಕೂಲವಾಗುವಂತೆ ಬರೆದುಕೊಂಡಿರುವುದನ್ನು ಅದರ ಬೇರೆ ಪುಟಗಳಲ್ಲೂ ಕಂಡಿದ್ದೇನೆ.

ನಾವಿದ್ದದ್ದು ಮಲೇಷ್ಯಾದಲ್ಲಿ, ಮೆಲಾಕಾದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಚಿಕ್ಕ ನಗರದಲ್ಲಿ. ನಾನು ಕಾಲೇಜಿನಲ್ಲಿ ಸಾರ್ವಜನಿಕ ಹಣಕಾಸು ಕಲಿಸುತ್ತಿದ್ದೆ. ಆಗೆಲ್ಲ ಲ್ಯಾಪ್‌ಟಾಪಿನ ಮುಂದೆ ಕುಳಿತು. ಅಕ್ಕ ಹಲಸೂರಿನಲ್ಲಿ ಹುಟ್ಟಿ ಇಲ್ಲಿಯ ತಮಿಳರ ಮನೆಗೆ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ನಗರಸಭೆಯ ಕಟ್ಟಡದಲ್ಲಿ ದೋಸೆ ಅಂಗಡಿ ಇಟ್ಟಿದ್ದರು. ಕೂತು ತಿನ್ನುವುದು ನಿಂತುಹೋಗಿ, ತಪಾವ್ ಎಂದು ಕಟ್ಟಿಸಿಕೊಂಡು ಹೋಗುವ ನಾಲ್ಕು ಜನ ಮಾತ್ರ ಉಳಿದಾಗ, ನಗರಸಭೆ ಬಾಡಿಗೆ ಮನ್ನಾ ಮಾಡಿತ್ತು. ಆ ಅವಧಿ ಮುಗಿಯುತ್ತಾ ಬಂದಿತ್ತು. ಮುಂದುವರಿಸದಿದ್ದರೆ ಅಂಗಡಿ ಮುಚ್ಚಬೇಕು.

“ಓದಿದೋರು ನೀವು ಮೇಷ್ಟ್ರೇ, ಇಂಗ್ಲಿಷಲ್ಲಿ ಚೆನ್ನಾಗಿ ಅತ್ತುಬಿಡಿ ಲಾ,” ಎಂದರು ಬೇಲಿಯಾಚೆಯಿಂದ.

ಅಳಲು ನನಗೆ ಬರಲಿಲ್ಲ. ಪಾಠಕ್ಕೆಂದು ಅದೇ ವಾರ ಆ ನಗರಸಭೆಯ ಆಯವ್ಯಯವನ್ನು ಹರಡಿಕೊಂಡು ಕುಳಿತಿದ್ದೆ. ಮನೆ ತೆರಿಗೆ ಬಾಕಿ ಬಿದ್ದಿತ್ತು, ಪಾರ್ಕಿಂಗ್ ಶುಲ್ಕ ಬತ್ತಿತ್ತು. ಕಸ, ಚರಂಡಿ, ಬೀದಿದೀಪದ ಖರ್ಚು ಮಾತ್ರ ಇದ್ದಷ್ಟೇ ಇತ್ತು. ಕೂಡಿಟ್ಟ ನಿಧಿಯನ್ನು ಕರಗಿಸಿ ನಡೆಸುತ್ತಿದ್ದರು. ಅದೆಲ್ಲ ತಲೆಯಲ್ಲಿದ್ದುದರಿಂದಲೋ ಏನೋ, ಅರ್ಜಿಯ ಕೊನೆಗೆ ಯಾರೂ ಕೇಳದ ಒಂದು ವಾಕ್ಯ ಸೇರಿಸಿದೆ: ಪೂರ್ತಿ ಮನ್ನಾ ನಗರಸಭೆಗೆ ಭಾರವಾದರೆ ಅರ್ಧ ಬಾಡಿಗೆಯೂ ನ್ಯಾಯವೇ. ಹಾಗೆ ಬರೆದರೆ ಅರ್ಜಿಗೆ ತೂಕ ಬರುತ್ತದೆ ಎಂದುಕೊಂಡಿದ್ದೆ. ಅಥವಾ, ಓದುವ ಅಧಿಕಾರಿ ನನ್ನನ್ನು ತಿಳಿವಳಿಕಸ್ಥನೆಂದುಕೊಳ್ಳಲಿ ಎಂದಿರಬಹುದು.

ಉತ್ತರ ಬಂತು. ಅರ್ಜಿದಾರರೇ ಸೂಚಿಸಿದಂತೆ ಅರ್ಧ ಬಾಡಿಗೆ. ಪಕ್ಕದಲ್ಲಿ ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನ ಮಾರುವ ಅಂಗಡಿಯವನು ಎರಡೇ ಸಾಲು ಗೀಚಿ ಕೊಟ್ಟಿದ್ದನಂತೆ. ಅವನಿಗೆ ಪೂರ್ತಿ ಮನ್ನಾ.

“ನೀವು ಯಾರ ಕಡೆ ಮೇಷ್ಟ್ರೇ? ಅವರು ನಿಮಗೆ ಸಂಬಳ ಕೊಡ್ತಾರಾ?”

“ಓದಿ ಹೇಳಿದ್ದೆನಲ್ಲ ಅಕ್ಕಾ.”

“ಕೊನೇದು ಹೇಳ್ಲಿಲ್ಲ.”

“ಹೇಳಿದ್ದೆ ಅನ್ಸುತ್ತೆ.”

“ನಿಮಗೆ ಅನ್ಸೋದಕ್ಕೆಲ್ಲ ನಾನು ಬಾಡಿಗೆ ಕಟ್ಬೇಕಾ?”

ಮೂರು ತಿಂಗಳು ಕಟ್ಟಿದರು. ನಾಲ್ಕನೆಯದಕ್ಕೆ ಆಗಲಿಲ್ಲ. ಖಾಲಿ ಅಂಗಡಿಯಿಂದ ನಗರಸಭೆಗೆ ಆ ಅರ್ಧವೂ ಬರುವುದಿಲ್ಲ ಎಂಬುದು, ಅದನ್ನೇ ಕಲಿಸುವ ನನಗೆ, ಬರೆಯುವಾಗ ಹೊಳೆದಿರಲಿಲ್ಲ.

ಅಂಗಡಿ ಬಿಟ್ಟುಕೊಟ್ಟು ಠೇವಣಿ ವಾಪಸು ಕೇಳಲು ಮತ್ತೊಂದು ಅರ್ಜಿ ಬೇಕಾಯಿತು. ಆಚೀಚೆ ಓಡಾಡುವಂತಿರಲಿಲ್ಲ, ನನ್ನ ಬಳಿಗೇ ಬಂದರು. ವರಾಂಡದಲ್ಲಿ, ನನ್ನಿಂದ ಎರಡು ಕುರ್ಚಿ ದೂರ ಕುಳಿತರು.

“ನಾನು ಹೇಳಿದ್ದು ಮಾತ್ರ ಬರೀರಿ.”

ಮೂರು ವಾಕ್ಯ ಹೇಳಿದರು. ಮೂರನ್ನೇ ಬರೆದೆ. ಓದಿ ಹೇಳಲು ಹೊರಟಾಗ ಕೈಯೆತ್ತಿ ತಡೆದು, ಕಾಗದದ ಫೋಟೋ ತೆಗೆದು ಪೆಟಾಲಿಂಗ್ ಜಯಾದಲ್ಲಿ ಕೆಲಸದಲ್ಲಿದ್ದ ಮಗಳಿಗೆ ಕಳಿಸಿದರು. ಅವಳ ಕರೆ ಬಂದಾಗ ಸ್ಪೀಕರ್ ಹಾಕಿದರು.

“ತ್ರೀ ಲೈನ್ಸ್ ಓನ್ಲಿ, ಮಾ. ನಥಿಂಗ್ ಎಕ್ಸ್‌ಟ್ರಾ,” ಎಂದಳು ಮಗಳು ಫೋನಿನಲ್ಲಿ.

ಆಮೇಲೆಯೇ ಅಕ್ಕ ಸಹಿ ಹಾಕಲು ಪೆನ್ನು ಕೇಳಿದ್ದು.