ಕೆಳಗಿನ ಬಲಮೂಲೆ

ವಿಮಾ ನಿಯಂತ್ರಣ ಕಚೇರಿಯ ಆ ಅಧಿಕಾರಿಯನ್ನು ಸಹೋದ್ಯೋಗಿಗಳು ಬೆನ್ನ ಹಿಂದೆ ‘ಖಾತ್ರಿಯಮ್ಮ’ ಎನ್ನುತ್ತಿದ್ದರು. ಮಳೆ ಬರಬಹುದು ಎಂದರೂ “ಬರಬಹುದೋ, ಬರುತ್ತೋ?” ಎಂದು ಕೇಳುವ ಜಾಯಮಾನ ಅವರದು. ಜೀವವಿಮೆ ಮಾರುವ ಏಜೆಂಟರು ಗಿರಾಕಿಯ ಮುಂದಿಡುವ ಲಾಭದ ಪಟ್ಟಿ ಹೇಗಿರಬೇಕೆಂಬ ನಿಯಮ ಬರೆಯುವ ಕೆಲಸ ಅವರ ಹೆಗಲಿಗೆ ಬಿದ್ದಿತ್ತು. ವರ್ಷಕ್ಕೊಂದು ಸಾಲು; ಕಂಪನಿ ಖಂಡಿತ ಕೊಡುವ ಮೊತ್ತ ಎಡಕ್ಕೆ, ಮಾರುಕಟ್ಟೆ ಕೈಹಿಡಿದರೆ ಸಿಗಬಹುದಾದದ್ದು ಬಲಕ್ಕೆ; ಎರಡಕ್ಕೂ ಒಂದೇ ಗಾತ್ರದ ಅಕ್ಷರ. ಕಂಪನಿಗಳೊಡನೆ ವರ್ಷವಿಡೀ ಗುದ್ದಾಡಿ ಒಪ್ಪಿಸಿದ್ದರು. ಮರುದಿನ ನಿರ್ದೇಶಕರು ಸಹಿ ಹಾಕುವುದಷ್ಟೇ ಬಾಕಿ.

ಪಟ್ಟಿಯನ್ನು ಓದಿಸಿ, ಮಡಚಿಟ್ಟು, ನೆನಪಿನಲ್ಲಿ ಏನುಳಿಯಿತೆಂದು ಕೇಳುವುದು ಅವರ ಪದ್ಧತಿ. ಆದರೆ ಕೇಳಿದ್ದೆಲ್ಲ ಕಚೇರಿಯವರನ್ನೇ. ವಿಮೆ ಬಲ್ಲವರು ಸರಿಯಾಗಿಯೇ ಹೇಳಿದ್ದರು. ಅಂದು ಸಂಜೆ ಗಂಡನ ಪ್ಯಾಂಟು ತರಲು ಮನೆ ಕೆಳಗಿನ ದರ್ಜಿಯ ಅಂಗಡಿಗೆ ಹೋದವರು ಅಲ್ಲೂ ಪಟ್ಟಿ ತೆಗೆದು, ದರ್ಜಿಗೆ ಓದಿಸಿ ಮಡಚಿದರು.

“ಈಗ ಹೇಳಣ್ಣ, ಕೊನೆಗೆ ನಿಮಗೆಷ್ಟು ಬರುತ್ತೆ?”

“ಎಂಟು ಲಕ್ಷ!” ದರ್ಜಿಯ ಮುಖ ಅರಳಿತು. “ಮಗಳ ಓದು ದಡ ಸೇರ್ತು ಬಿಡಿ ಅಕ್ಕ.”

ಖಾತ್ರಿಯಾಗಿ ಬರುವುದು ನಾಲ್ಕು. ಎಂಟು, ಬಂದರೆ ಬಂತು.

ಅಷ್ಟರಲ್ಲಿ ಪ್ಯಾಂಟಿನ ಬಿಲ್ಲು ಕೈಗೆ ಬಂತು. ಅವರ ಕಣ್ಣು ನೆಟ್ಟಗೆ ಕೆಳಗಿನ ಬಲಮೂಲೆಗೆ ಹೋಗಿ ನಿಂತಿತು. ಎಲ್ಲ ಬಿಲ್ಲಿನಲ್ಲೂ ಒಟ್ಟು ಮೊತ್ತ ಇರುವುದು ಅಲ್ಲೇ. ತಾವು ಪಟ್ಟಿಯ ಆ ಜಾಗದಲ್ಲಿ, ಕೊನೆಯ ಸಾಲಿನ ಬಲತುದಿಗೆ, ಬರೀ ಆಸೆಯನ್ನು ಕೂರಿಸಿದ್ದರು.

“ಯಾಕಕ್ಕಾ, ಇವತ್ತು ಚೌಕಾಸಿ ಇಲ್ವಾ? ಮೈಗೆ ಹುಷಾರಿದೆ ತಾನೆ?”

ಮರುದಿನ ಬೆಳಗ್ಗೆ ನಿರ್ದೇಶಕರು ಪೆನ್ನು ಬಿಚ್ಚಿದ್ದರು.

“ಸಹಿ ಹಾಕ್ಬೇಡಿ ಸರ್. ನಾನು ಬರೆದಿದ್ದು ಸರಿಯಿಲ್ಲ.”

“ಮತ್ತೆ ಮೊದಲಿಂದ ಜಗಳಾನಾ? ನಿಮ್ಮ ಬಡ್ತಿ ಇದರ ಮೇಲೇ ನಿಂತಿದೆಯಲ್ಲಮ್ಮ!”

“ನಿಂತಿರ್ಲಿ ಬಿಡಿ. ಅದಕ್ಕೇನು ಕಾಲು ನೋಯುತ್ತಾ?”

ಹೊಸ ಪಟ್ಟಿಯಲ್ಲಿ ಆ ಮೂಲೆ ಖಾತ್ರಿ ಮೊತ್ತಕ್ಕೇ ಮೀಸಲಾಯಿತು. ಉಳಿದದ್ದು ಮೇಲಕ್ಕೆ ಹೋಯಿತು, ‘ಬರದೆಯೂ ಇರಬಹುದು’ ಎಂಬ ಮಾತಿನೊಂದಿಗೆ. ಕಂಪನಿಯವರು ಕಿಡಿಕಾರಿದರು: “ಕೊನೇಲಿ ಸಣ್ಣ ಮೊತ್ತ ಕಂಡ್ರೆ ಗಿರಾಕಿ ಎದ್ದು ಹೋಗ್ತಾನೆ ಮೇಡಂ.”

“ಈಗಲೇ ಹೋಗ್ಲಿ. ಹತ್ತು ವರ್ಷ ಕಟ್ಟಿದ ಮೇಲೆ ಎದ್ದರೆ ಎಲ್ಲಿಗೆ ಹೋಗ್ತಾನೆ?”

ಬಡ್ತಿ ಇನ್ನೊಬ್ಬರಿಗೆ ಹೋಯಿತು. ನಿಯಮ ಬಂತು.

ಏಜೆಂಟು ಕೊಟ್ಟ ಹೊಸ ಪಟ್ಟಿ ಹಿಡಿದು ದರ್ಜಿ ಮಂಕಾಗಿ ಕೂತಿದ್ದರು. “ನಾಲ್ಕೇನಾ ಅಕ್ಕ? ಇಷ್ಟರಲ್ಲಿ ಮಗಳ ಓದು ಮುಗಿಯಲ್ಲ.”

“ಮುಗಿಯಲ್ಲ,” ಎಂದರು ಅವರು, ಸ್ಟೂಲು ಎಳೆದುಕೊಳ್ಳುತ್ತ. “ಅವಳಿನ್ನೂ ಎರಡನೇ ಕ್ಲಾಸು. ಬೇರೆ ದಾರಿ ಹುಡುಕೋಕೆ ಟೈಮಿದೆ, ನೋಡೋಣ.”